ಹಿಂದಚ್ಚಿನ ಕಮಾನು: ಬೆಂಗಳೂರಿನ ಉತ್ತರದ ಹಾದಿಗಳಲ್ಲಿ ವಾಹನದ ಆಯ್ಕೆ — ಒಂದು ಐತಿಹಾಸಿಕ ಸಮೀಕ್ಷೆ

1. ವಿಷಯ ಪ್ರವೇಶ

ವಾಹನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅವುಗಳನ್ನು ಎಳೆಯುವ ಶಕ್ತಿಯ ಚರಿತ್ರೆಯನ್ನೇ ಬರೆದಿದ್ದಾರೆ. ಎತ್ತು, ಕುದುರೆ, ಉಗಿ, ಪೆಟ್ರೋಲು, ಡೀಸೆಲು, ವಿದ್ಯುತ್ತು ಎಂಬ ಕ್ರಮದಲ್ಲಿ ಅಧ್ಯಾಯಗಳು ಸಾಗುತ್ತವೆ. ಹೊರೆಗೂ ನೆಲಕ್ಕೂ ನಡುವೆ ನಿಂತು ಎರಡರ ಕಷ್ಟವನ್ನೂ ಸಹಿಸುವ ಭಾಗಗಳು, ಎಂದರೆ ಅಚ್ಚು ಮತ್ತು ಅಚ್ಚಿನ ಮೇಲೆ ವಾಹನದ ಮೈಯನ್ನು ಹೊತ್ತಿರುವ ಕಮಾನು, ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಹೊಂಡಕ್ಕೆ ಬಿದ್ದ ಗಾಲಿಯ ಏಟು ಎಲ್ಲಿಯಾದರೂ ಮುಟ್ಟಲೇಬೇಕು. ಅದು ಎತ್ತಿನ ಕೊರಳನ್ನು ಮುಟ್ಟಬಹುದು. ಕುಳಿತವನ ಬೆನ್ನುಮೂಳೆಯನ್ನು ಮುಟ್ಟಬಹುದು. ವಾಹನದ ಚೌಕಟ್ಟನ್ನು ಮುಟ್ಟಬಹುದು. ಇಲ್ಲವೇ ಈ ಮೂವರನ್ನೂ ಕಾಯುವುದಕ್ಕಾಗಿ ಬಳುಕುವ ಒಂದು ಉಕ್ಕಿನ ತುಂಡನ್ನು ಮುಟ್ಟಬಹುದು. ಈ ಏಟನ್ನು ಯಾರು ಹೊರಬೇಕೆಂದು ಒಂದು ನಾಡು ಕಾಲಕಾಲಕ್ಕೆ ಮಾಡಿಕೊಂಡ ತೀರ್ಮಾನವೇ ಸಸ್ಪೆನ್ಷನ್ನಿನ ಚರಿತ್ರೆ.

ಬೆಂಗಳೂರಿನ ಉತ್ತರ ಭಾಗವನ್ನು, ಎಂದರೆ ಯಶವಂತಪುರ, ಹೆಬ್ಬಾಳ, ಯಲಹಂಕಗಳನ್ನೂ ಅಲ್ಲಿಂದ ದೇವನಹಳ್ಳಿ, ನಂದಿಬೆಟ್ಟಗಳ ಕಡೆಗೆ ಹೋಗುವ ಹಾದಿಗಳನ್ನೂ ಮುಖ್ಯವಾಗಿ ಇಟ್ಟುಕೊಂಡು, ದಾರಿಯಿಲ್ಲದ ಕಡೆ ನಡೆಯಬೇಕಾದ ವಾಹನದ ಹಿಂದಚ್ಚಿಗೆ ಯಾವ ಬಗೆಯ ಕಮಾನು ಹೇಗೆ ಆಯ್ಕೆಗೊಂಡಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ. ಹಿಂದಚ್ಚನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಮುಂದಚ್ಚಿನ ಮೇಲೆ ಬೀಳುವ ಭಾರ ಬಹುಮಟ್ಟಿಗೆ ಯಂತ್ರದ ಭಾರ. ಅದು ಹೆಚ್ಚು ಕಡಮೆಯಾಗುವುದು ಅಲ್ಪ. ಹಿಂದಚ್ಚಿನ ಮೇಲಿನ ಭಾರವಾದರೋ ಬೆಳಗ್ಗೆ ಒಂದು, ಸಂಜೆ ಒಂದು. ಆದುದರಿಂದ ಆಯ್ಕೆಯ ತೊಡಕೆಲ್ಲ ಹಿಂದಚ್ಚಿನಲ್ಲಿಯೇ ಇದೆ.

2. ಹೇರೆತ್ತು ಮತ್ತು ಕಮಾನಿಲ್ಲದ ಬಂಡಿ

ಈ ಪ್ರದೇಶದ ನೆಲೆಗಳು ಹಳೆಯವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಗಂಗರ ಕಾಲದ ವೀರಗಲ್ಲು ಕ್ರಿ.ಶ. 750ರ ಸುಮಾರಿನದು. ಯಲಹಂಕ ನಾಡಪ್ರಭುಗಳ ಆಳ್ವಿಕೆಯ ಕಾಲಕ್ಕಾಗಲೇ ಇದು ಕೆರೆಗಳಿಂದಲೂ ಪೇಟೆಗಳಿಂದಲೂ ಕೂಡಿದ ಸೀಮೆಯಾಗಿತ್ತು. ಆದರೆ ಊರುಗಳು ಹಳೆಯವೆಂಬ ಮಾತ್ರಕ್ಕೆ ಬಂಡಿಯ ರಸ್ತೆಗಳೂ ಹಳೆಯವೆಂದು ಭಾವಿಸಬಾರದು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನ ವೃತ್ತಾಂತವನ್ನು ಓದಿದರೆ, ಆ ಕಾಲದಲ್ಲಿ ದೂರದ ಸರಕು ಸಾಗಾಟವೆಂದರೆ ಮುಖ್ಯವಾಗಿ ಎತ್ತಿನ ಬೆನ್ನಿನ ಸಾಗಾಟವೇ ಆಗಿತ್ತೆಂಬುದು ವ್ಯಕ್ತವಾಗುತ್ತದೆ. ಲಂಬಾಣಿಗರ ಹೇರೆತ್ತುಗಳು ಧಾನ್ಯವನ್ನೂ ಉಪ್ಪನ್ನೂ ಹೊತ್ತು ಕಾಲುಹಾದಿಗಳಲ್ಲಿ ನಡೆಯುತ್ತಿದ್ದವು. ಹೇರೆತ್ತನ್ನು ಸಸ್ಪೆನ್ಷನ್ನಿನ ದೃಷ್ಟಿಯಿಂದ ನೋಡುವುದು ವಿಚಿತ್ರವೆನಿಸಬಹುದು. ಆದರೆ ನಾಲ್ಕು ಕಾಲುಗಳು ಒಂದೊಂದೂ ತನ್ನಷ್ಟಕ್ಕೆ ತಾನೇ ಬಾಗಿ ಚಾಚಿ ನೆಲವನ್ನು ಹುಡುಕಿಕೊಳ್ಳುವ ಈ ಏರ್ಪಾಡಿಗಿಂತ ಬಂಡೆಗಲ್ಲಿನ ಹಾದಿಗೆ ತಕ್ಕ ವಾಹನ ಬೇರೊಂದಿರಲಿಲ್ಲ. ಅದರ ದೋಷ ಒಂದೇ: ಹೊರೆ ಅಲ್ಪ.

ಹೊರೆ ದೊಡ್ಡದಾದಾಗ ಗಾಲಿ ಅನಿವಾರ್ಯವಾಗುತ್ತದೆ. ಇದಕ್ಕೆ ಅತ್ಯಂತ ಕಠಿಣವಾದ ನಿದರ್ಶನ ಯುದ್ಧದ ಫಿರಂಗಿ. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರಂದು ಕೋಟೆಯನ್ನೂ ವಶಪಡಿಸಿಕೊಂಡ ಕಾರ್ನ್‌ವಾಲಿಸನು ಆ ತಿಂಗಳ ಕೊನೆಯಲ್ಲಿ ನಿಜಾಮನ ಅಶ್ವದಳವನ್ನು ಕೂಡಿಕೊಳ್ಳುವುದಕ್ಕಾಗಿ ಉತ್ತರಕ್ಕೆ, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆಗೆ ನಡೆದನು. ಮುಂದೆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಹೋಗಿಯೂ, ಎಳೆಯುವ ಎತ್ತುಗಳು ಸತ್ತುಹೋದುದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಎತ್ತುಗಳ ಸಾವಿಗೆ ಮೇವಿನ ಅಭಾವ, ರೋಗ, ಮಳೆ ಇವೇ ಪ್ರಧಾನ ಕಾರಣಗಳು. ಗಾಡಿಗೆ ಕಮಾನಿಲ್ಲದುದನ್ನು ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೂ ಒಂದು ಮಾತು ನಿಜ. ಕಮಾನಿಲ್ಲದ ಗಾಡಿಯಲ್ಲಿ ನೆಲದ ಪ್ರತಿಯೊಂದು ಪ್ರತಿರೋಧವೂ ಮೂಕಿಯ ಮೂಲಕ ನೊಗಕ್ಕೆ, ನೊಗದ ಮೂಲಕ ಪ್ರಾಣಿಗೆ ಬಂದು ಸೇರುತ್ತಿತ್ತು. ಹೈದರ್, ಟೀಪು ಇವರ ಸೈನ್ಯ ಚುರುಕಾಗಿ ನಡೆಯುತ್ತಿದ್ದುದಕ್ಕೆ ಅಮೃತಮಹಲ್ ತಳಿಯ ಎತ್ತುಗಳೇ ಕಾರಣವೆಂದು ಇತಿಹಾಸಕಾರರು ಹೇಳುವರು. ಎಂದರೆ, ಆ ಕಾಲದಲ್ಲಿ ಗಾಡಿಯನ್ನು ಸುಧಾರಿಸುವುದಕ್ಕೆ ಬದಲಾಗಿ ಪ್ರಾಣಿಯನ್ನು ಸುಧಾರಿಸಿದರು.

ಇದು ಅಜ್ಞಾನದಿಂದಲ್ಲ. ಉಕ್ಕನ್ನು ಮೈಸೂರು ಸೀಮೆಯವರು ಚೆನ್ನಾಗಿ ಬಲ್ಲರು. ಚನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆ ಹೆಸರಾಗಿತ್ತು. ಆದರೆ ಮೂಸೆಯಲ್ಲಿ ಅಲ್ಪಪ್ರಮಾಣದಲ್ಲಿ ಕರಗಿಸಿದ ಉಕ್ಕನ್ನು ಬಂಡಿಯ ಬುಡಕ್ಕೆ ಸುರಿಯುವ ಸ್ಥಿತಿ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುವ ಬಂಡಿಯ ದೊಡ್ಡ ಗಾಲಿ ಹೊಂಡಕ್ಕೆ ಬೀಳುವುದಿಲ್ಲ, ಇಳಿಯುತ್ತದೆ. ಏಟಿನ ಬಲ ವೇಗದೊಡನೆ ಬೆಳೆಯುತ್ತದೆ. ವೇಗವಿಲ್ಲದೆಡೆ ಕಮಾನಿಗೆ ಕೆಲಸ ಕಡಮೆ. ಮರದ ಅರೆಕಾಲುಗಳೂ, ಹಗ್ಗದ ಕಟ್ಟುಗಳೂ, ಹಾಸಿದ ಹುಲ್ಲೂ ಆ ಅಲ್ಪ ಕೆಲಸವನ್ನು ತಾವೇ ಮಾಡುತ್ತಿದ್ದವು.

3. ರಸ್ತೆ, ಜಟಕಾ, ಮತ್ತು ವೇಗ

ಮಾರ್ಕ್ ಕಬ್ಬನ್ನನು ಕಮಿಷನರನಾಗಿದ್ದ 1834ರಿಂದ 1861ರವರೆಗಿನ ಅವಧಿಯಲ್ಲಿ ಸ್ಥಿತಿ ಬದಲಾಯಿತು. ಬ್ರಿಟಿಷ್ ಆಡಳಿತದ ಮೊದಲ ಎರಡೂವರೆ ದಶಕಗಳಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಯೂ 300ಕ್ಕೆ ಮೇಲ್ಪಟ್ಟು ಸೇತುವೆಗಳೂ ನಿರ್ಮಾಣವಾದವು. ಬೆಂಗಳೂರಿನಿಂದ ಹೊರಟ ಈ ರಸ್ತೆಗಳಲ್ಲಿ ಹೇರೆತ್ತಿನ ಸ್ಥಾನವನ್ನು ಬಂಡಿ ಆಕ್ರಮಿಸಿತು. ಜಲ್ಲಿರಸ್ತೆಯಾದ ಮೇಲೆ ಕುದುರೆ ಓಡಬಲ್ಲುದಾಯಿತು. ಕುದುರೆ ಓಡಿದ ಮೇಲೆ ಕಮಾನು ಬೇಕಾಯಿತು. ಇಂಗ್ಲೆಂಡಿನಲ್ಲಿ 1804ರ ಸುಮಾರಿನಲ್ಲಿ ಓಬದಾಯ ಎಲಿಯಟ್ ಎಂಬವನು ಅಂಡಾಕಾರದ ಪಟ್ಟಿಕಮಾನಿಗೆ ಪೇಟೆಂಟು ಪಡೆದಿದ್ದನು. ಒಂದರ ಮೇಲೊಂದು ಜೋಡಿಸಿದ, ಮೇಲಿಂದ ಕೆಳಕ್ಕೆ ಉದ್ದ ಕುಗ್ಗುವ ಉಕ್ಕಿನ ಪಟ್ಟಿಗಳ ಆ ಕಟ್ಟೇ ಅರ್ಧಾಕಾರದಲ್ಲಿ ನಮ್ಮ ಜಟಕಾಗಾಡಿಯ ಬುಡಕ್ಕೂ ಬಂದಿತು. ಬೆಂಗಳೂರಿನ ಬೀದಿಗಳಿಂದ ಜಟಕಾ ಕಣ್ಮರೆಯಾಗಿದೆ. ಮೈಸೂರಿನಲ್ಲಿ ಉಳಿದುಕೊಂಡಿರುವ ಟಾಂಗಾಗಳಲ್ಲಿ ಈ ಏರ್ಪಾಡನ್ನು ಈಗಲೂ ನೋಡಬಹುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಒಂದೇ ರಸ್ತೆಯಲ್ಲಿ ಕಮಾನುಳ್ಳ ಜಟಕಾ ಮತ್ತು ಕಮಾನಿಲ್ಲದ ಎತ್ತಿನ ಗಾಡಿ ನೂರು ವರ್ಷಕ್ಕೂ ಹೆಚ್ಚು ಕಾಲ ಜೊತೆಯಾಗಿ ಓಡಿದವು. ಉಕ್ಕೂ ಇತ್ತು, ಕಮ್ಮಾರನೂ ಇದ್ದನು. ಆದರೂ ಕಮಾನು ಎತ್ತಿನ ಗಾಡಿಗೆ ದಾಟಲಿಲ್ಲ. ಜಟಕಾದಲ್ಲಿ ಕುಳಿತವನು ಬಾಡಿಗೆ ಕೊಡುತ್ತಿದ್ದನು. ಅವನ ಬೆನ್ನಿಗೆ ಬೆಲೆಯಿತ್ತು. ಎತ್ತಿನ ಗಾಡಿಯಲ್ಲಿ ರಾಗಿಯ ಮೂಟೆ ಕುಳಿತಿತ್ತು. ಕಮಾನು ಯಂತ್ರಜ್ಞಾನದ ಹಾದಿಯನ್ನು ಮಾತ್ರ ಅನುಸರಿಸಿ ಬರಲಿಲ್ಲ, ಹಣದ ಹಾದಿಯನ್ನೂ ಅನುಸರಿಸಿ ಬಂದಿತೆಂಬುದು ಇದರಿಂದ ಸ್ಪಷ್ಟ.

4. ಜೀಪಿನ ಆಗಮನ

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಉತ್ತರ ಭಾಗವು ಸೈನ್ಯದ ಬೀಡಾಯಿತು. ಜಾಲಹಳ್ಳಿಯಲ್ಲಿ ಸೈನಿಕ ಆಸ್ಪತ್ರೆಗಳೂ ಇಟಲಿಯ ಯುದ್ಧಕೈದಿಗಳ ಶಿಬಿರಗಳೂ, ಯಲಹಂಕದಲ್ಲಿ ವಿಮಾನನೆಲೆಯೂ ಏರ್ಪಟ್ಟವು. ನಗರದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೈನ್ಯವು ತನ್ನ ವಿಮಾನಗಳ ದುರಸ್ತಿಗಾಗಿ ವಹಿಸಿಕೊಂಡಿತು. ಆ ಸೈನ್ಯದ ವಾಹನವೇ ಜೀಪು. 1940ರಲ್ಲಿ ಅಮೆರಿಕದ ಸೇನಾ ಇಲಾಖೆ ಬಯಸಿದ್ದು ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ಹಗುರವಾದ ಗಾಡಿಯನ್ನು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ನಿರ್ಮಿಸಿದ್ದವು. ಅವುಗಳ ಮುಂದೆಯೂ ಹಿಂದೆಯೂ ಇದ್ದುದು ಎಡಬಲ ಗಾಲಿಗಳನ್ನು ಒಂದಾಗಿ ಹಿಡಿದ ಗಟ್ಟಿ ಅಚ್ಚು. ಅದರ ಮೇಲೆ ಅರ್ಧಾಂಡಾಕಾರದ ಪಟ್ಟಿಕಮಾನು. ತತ್ತ್ವದಲ್ಲಿ ಅದು ಜಟಕಾದ ಬುಡವೇ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಶತ್ರುಪಕ್ಷದಲ್ಲಿ ಪೋರ್ಷೆ ರಚಿಸಿದ ಕ್ಯೂಬೆಲ್‌ವಾಗನ್ ಎಂಬ ಜರ್ಮನ್ ಗಾಡಿಗೆ ನಾಲ್ಕು ಗಾಲಿಗಳೂ ಸ್ವತಂತ್ರವಾಗಿದ್ದವು. ಪಟ್ಟಿಯ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳುಗಳು ಭಾರವನ್ನು ಹೊರುತ್ತಿದ್ದವು. ಎರಡು ಗಾಲಿಗಳಿಗೆ ಮಾತ್ರ ಚಾಲನೆಯಿದ್ದರೂ ಅದು ಮರಳಿನಲ್ಲಿ ಹಗುರವಾಗಿ ಸಾಗುತ್ತಿತ್ತು. ಎರಡು ಸೈನ್ಯಗಳು ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಕಂಡುಕೊಂಡಿದ್ದವು. ಯುದ್ಧಾನಂತರ ಭಾರತಕ್ಕೆ ಉಳಿದು ಬಂದ ಉತ್ತರ ಜೀಪಿನದು. 1940ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿಯೂ, ಅರಣ್ಯ ಇಲಾಖೆಯಲ್ಲಿಯೂ, ತಾಲ್ಲೂಕು ಕಚೇರಿಗಳಲ್ಲಿಯೂ ಅರ್ಧ ಶತಮಾನ ದುಡಿದ ವಾಹನ ಇದೇ. ಮಡಿಕೇರಿಯಿಂದ ಮಾಂದಲಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿದವರಿಗೆ ಅದರ ಸಾಮರ್ಥ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

5. ಪಟ್ಟಿಯೋ ಸುರುಳಿಯೋ

ಪಟ್ಟಿಕಮಾನು ಇಷ್ಟು ಕಾಲ ಏಕೆ ಬಾಳಿತು? ಅದು ಒಂದೇ ವಸ್ತುವಾಗಿದ್ದು ನಾಲ್ಕು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಭಾರವನ್ನು ಹೊರುವುದು. ಎರಡನೆಯದು, ಅಚ್ಚನ್ನು ಹಿಂದೆ ಮುಂದೆಯಾಗಲಿ ಅಕ್ಕಪಕ್ಕಕ್ಕಾಗಲಿ ಸರಿಯದಂತೆ ಹಿಡಿದಿಡುವುದು. ಮೂರನೆಯದು, ಯಂತ್ರವು ಗಾಲಿಯನ್ನು ತಿರುಗಿಸುವಾಗಲೂ ಬ್ರೇಕು ಅದನ್ನು ತಡೆಯುವಾಗಲೂ ಅಚ್ಚು ತಾನೇ ಉರುಳದಂತೆ ತಡೆಯುವುದು. ನಾಲ್ಕನೆಯದು, ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತವನ್ನು ಸ್ವಲ್ಪಮಟ್ಟಿಗೆ ಅಡಗಿಸುವುದು. ಸುರುಳಿಕಮಾನಾದರೋ ಮೊದಲನೆಯ ಕೆಲಸವೊಂದನ್ನೇ ಬಲ್ಲುದು. ಮಿಕ್ಕವುಗಳಿಗೆ ಉದ್ದ ತೋಳುಗಳು, ಅಡ್ಡ ಸರಳು, ಶಾಕ್ ಅಬ್ಸಾರ್ಬರ್ ಇವೆಲ್ಲ ಬೇರೆಯಾಗಿ ಬೇಕು. ಪಟ್ಟಿ ಮುರಿದರೆ ಯಶವಂತಪುರದಲ್ಲಾಗಲಿ ತುಮಕೂರು ರಸ್ತೆಯ ಅಂಚಿನಲ್ಲಾಗಲಿ ಲಾರಿಗಳ ಕೆಲಸ ಮಾಡುವ ಕಮ್ಮಾರನು ಮುರಿದ ಒಂದನ್ನು ಮಾತ್ರ ತೆಗೆದು ಬೇರೊಂದನ್ನು ಸೇರಿಸಬಲ್ಲನು. ಬಾಗು ಇಳಿದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮತ್ತೆ ಬಾಗು ಕೊಡಬಲ್ಲನು. ಮುರಿದ ಸುರುಳಿಗೆ ಈ ಭಾಗ್ಯವಿಲ್ಲ.

ಆದರೆ ಗುಣಗಳೇ ದೋಷಗಳೂ ಆಗಿವೆ. ಪಟ್ಟಿಗಳ ಉಜ್ಜಾಟವು ದೊಡ್ಡ ಕುಣಿತವನ್ನು ಅಡಗಿಸುವಂತೆಯೇ ಸಣ್ಣ ಏಟಿಗೆ ಬಳುಕದೆ ಬಿಗಿಯಾಗಿ ನಿಂತುಬಿಡುತ್ತದೆ. ಕೆಸರೂ ತುಕ್ಕೂ ಸೇರಿದಾಗ ಇನ್ನೂ ಬಿಗಿಯುತ್ತದೆ. ಕಡಿದಾದ ಏರಿನಲ್ಲಿ ಯಂತ್ರದ ಪೂರ್ಣಬಲ ಬಿದ್ದಾಗ ಪಟ್ಟಿ ಡೊಂಕಾಗಿ ತಿರುಚಿ, ಗಾಲಿ ನೆಲವನ್ನು ಬಿಟ್ಟು ಕುಪ್ಪಳಿಸುತ್ತದೆ. ಒಂದು ಗಾಲಿ ಬಂಡೆಯ ಮೇಲೂ ಇನ್ನೊಂದು ಹಳ್ಳದಲ್ಲೂ ಇರುವಾಗ ಎರಡೂ ನೆಲವನ್ನು ಮುಟ್ಟಿರಬೇಕಾದರೆ ಅಚ್ಚು ಬಹಳವಾಗಿ ಓರೆಯಾಗಬೇಕು. ಅದಕ್ಕೆ ಬೇಕಾದ ಉದ್ದನೆಯ ಚಲನೆಯನ್ನು ಸುರುಳಿ ಸುಲಭವಾಗಿ ಕೊಡುತ್ತದೆ.

ಭಾರದ ತೊಡಕನ್ನು ಲೆಕ್ಕದಿಂದ ತಿಳಿಯಬಹುದು. ಕಮಾನು ನಿಂತ ಭಾರಕ್ಕೆ ಎಷ್ಟು ಸೆಂಟಿಮೀಟರು ಕುಗ್ಗುವುದೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ, ವಾಹನವು ಸೆಕೆಂಡಿಗೆ ಎಷ್ಟು ಬಾರಿ ಕುಣಿಯುವುದೆಂಬುದು ಸ್ಥೂಲವಾಗಿ ದೊರೆಯುತ್ತದೆ. ಒಂದರಿಂದ ಒಂದೂವರೆಯವರೆಗಿನ ಕುಣಿತ ಮನುಷ್ಯನಿಗೆ ಹಿತ. ಖಾಲಿ ಜೀಪಿನ ಹಿಂದಣ ಕಮಾನು 4 ಸೆಂಟಿಮೀಟರು ಕುಗ್ಗುವುದೆಂದು ಊಹಿಸೋಣ. ಆಗ ಕುಣಿತ 2.5, ಕುಳಿತವನು ಎಗರಿಬೀಳುತ್ತಾನೆ. ಹತ್ತು ಜನವನ್ನೂ ಮೂಟೆಗಳನ್ನೂ ಹೇರಿ ಹಿಂದಚ್ಚಿನ ಭಾರ ಮೂರುಪಟ್ಟಾದರೆ ಕುಗ್ಗುವಿಕೆ 12 ಸೆಂಟಿಮೀಟರು, ಕುಣಿತ ಸುಮಾರು 1.4, ಸುಖಕರ. ಖಾಲಿಯಾಗಿದ್ದಾಗಲೇ ಸುಖವಿರಲೆಂದು ಮೊದಲೇ 12 ಸೆಂಟಿಮೀಟರು ಕುಗ್ಗುವ ಮೃದುವಾದ ಕಮಾನನ್ನು ಹಾಕಿದರೆ, ಪೂರ್ಣ ಭಾರಕ್ಕೆ ಅದು 36 ಸೆಂಟಿಮೀಟರು ಕುಗ್ಗಬೇಕು. ಅಷ್ಟು ಜಾಗ ವಾಹನದ ಬುಡದಲ್ಲಿಲ್ಲ, ಅಚ್ಚು ಚೌಕಟ್ಟಿಗೆ ಬಡಿಯುತ್ತದೆ. ಹೊರೆ ಹೊರುವ ವಾಹನದ ಹಿಂಭಾಗ ಖಾಲಿಯಿದ್ದಾಗ ಒರಟಾಗಿರುವುದು ತಯಾರಕನ ಅಲಕ್ಷ್ಯದಿಂದಲ್ಲ, ಈ ಲೆಕ್ಕದಿಂದ. ಭಾರ ಹೆಚ್ಚಿದಾಗ ಮಾತ್ರ ತಾಗುವ ಎರಡನೆಯ ಪಟ್ಟಿಕಟ್ಟು ಲಾರಿಗಳ ಪರಿಹಾರ. 1970ರ ರೇಂಜ್ ರೋವರಿನಲ್ಲಿ ಸ್ಪೆನ್ ಕಿಂಗ್ ಮತ್ತು ಸಂಗಡಿಗರು ಉದ್ದ ಚಲನೆಯ ಸುರುಳಿಗಳನ್ನು ಹಾಕಿ, ಹಿಂದಚ್ಚಿನ ಮೇಲೆ ಭಾರಕ್ಕೆ ತಕ್ಕಂತೆ ತಾನೇ ಎತ್ತರವನ್ನು ಸರಿಪಡಿಸಿಕೊಳ್ಳುವ ಸಾಧನವನ್ನು ಇಟ್ಟುದು ಇನ್ನೊಂದು ಪರಿಹಾರ.

ಭಾರತದಲ್ಲಿ ಈ ಬದಲಾವಣೆ ಬಹಳ ತಡವಾಗಿ ಬಂದಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಪಟ್ಟಿಕಮಾನು. ಅದರ ಜಪಾನೀ ಮೂಲವಾದ ಜಿಮ್ನಿ 1990ರ ದಶಕದಲ್ಲಿಯೇ ಸುರುಳಿಗೆ ತಿರುಗಿತಾದರೂ ಜಿಪ್ಸಿಯು 2018ರಲ್ಲಿ ಸಾರ್ವಜನಿಕ ಮಾರಾಟದಿಂದ ಹಿಂದೆ ಸರಿಯುವವರೆಗೆ ಪಟ್ಟಿಯನ್ನೇ ಹೊತ್ತಿತ್ತು. ಮಹೀಂದ್ರ ಥಾರ್ 2010ರಲ್ಲಿ ಮುಂಭಾಗಕ್ಕೆ ಸ್ವತಂತ್ರ ಗಾಲಿಗಳನ್ನು ಪಡೆದರೂ ಹಿಂಭಾಗಕ್ಕೆ ಪಟ್ಟಿಯನ್ನೇ ಉಳಿಸಿಕೊಂಡಿತು; 2020ರ ಥಾರ್‌ನಲ್ಲಿ ಹಿಂದಚ್ಚಿಗೆ ಸುರುಳಿ ಬಂದಿತು. ಆದರೆ ಅಲ್ಲಿಯೂ ಗಟ್ಟಿ ಅಚ್ಚು ಹೋಗಲಿಲ್ಲವೆಂಬುದು ಗಮನಾರ್ಹ. ಒಂದು ಗಾಲಿ ಕಲ್ಲನ್ನೇರಿದಾಗ ಗಟ್ಟಿ ಅಚ್ಚಿನ ನಡುವಣ ಗುಂಡು ಕೂಡ ಅದರ ಅರ್ಧದಷ್ಟು ಮೇಲೇರಿ ಕಲ್ಲಿನಿಂದ ಪಾರಾಗುತ್ತದೆ; ಹೊರೆ ಎಷ್ಟೇ ಹೆಚ್ಚಿದರೂ ಅದು ನೆಲದಿಂದ ಇರುವ ಎತ್ತರ ಬದಲಾಗುವುದಿಲ್ಲ. ಸ್ವತಂತ್ರ ಗಾಲಿಗಳ ವಾಹನದಲ್ಲಿ ಮೈ ಕುಸಿದಂತೆ ಆ ಗುಂಡೂ ಕುಸಿಯುತ್ತದೆ.

6. ತಾತ್ರಾದ ಉತ್ತರ

ಸ್ವತಂತ್ರ ಗಾಲಿಯು ದಾರಿಯಿಲ್ಲದ ನೆಲಕ್ಕೆ ಒಗ್ಗದೆಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. ಅದಕ್ಕೆ ಪ್ರತಿನಿದರ್ಶನ ಬೆಂಗಳೂರಿನಲ್ಲಿಯೇ ಇದೆ. 1964ರಲ್ಲಿ ಈ ನಗರದಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು 1986ರಲ್ಲಿ ಚೆಕೊಸ್ಲೊವಾಕಿಯದ ಓಮ್ನಿಪೋಲ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ತಾತ್ರಾ ಭಾರವಾಹನಗಳನ್ನು ಸೈನ್ಯಕ್ಕೆ ಒದಗಿಸತೊಡಗಿತು. ಪಿನಾಕ ರಾಕೆಟ್ ವ್ಯವಸ್ಥೆಯನ್ನೂ ಬ್ರಹ್ಮೋಸ್ ಕ್ಷಿಪಣಿಯನ್ನೂ ಹೊತ್ತುದು ಈ ವಾಹನಗಳೇ.

ಇದರ ಮೂಲ ಹಾನ್ಸ್ ಲೆಡ್ವಿಂಕನು 1923ರಲ್ಲಿ ತಾತ್ರಾ 11 ಎಂಬ ಸಣ್ಣ ಕಾರಿಗೆ ಮಾಡಿದ ರಚನೆ. ಏಣಿಯಂಥ ಚೌಕಟ್ಟಿಗೆ ಬದಲಾಗಿ ನಡುವೆ ಬೆನ್ನೆಲುಬಿನಂತೆ ಒಂದು ದಪ್ಪ ಕೊಳವೆ. ಚಾಲನೆಯ ದಂಡ ಅದರೊಳಗೆ. ಹಿಂಬದಿಯಲ್ಲಿ ಆ ಕೊಳವೆಯಿಂದ ಎಡಕ್ಕೊಂದು ಬಲಕ್ಕೊಂದು ರೆಕ್ಕೆಗಳಂತೆ ಮೇಲೆ ಕೆಳಗೆ ಆಡುವ ಅರ್ಧ ಅಚ್ಚುಗಳು. ಇದರಿಂದ ಎರಡು ಲಾಭಗಳು: ಕೊಳವೆಯು ತಿರುಚುವುದಿಲ್ಲವಾದುದರಿಂದ ಮೇಲಿನ ಹೊರೆ ಸೆಳೆತಕ್ಕೆ ಸಿಕ್ಕುವುದಿಲ್ಲ, ಪ್ರತಿಯೊಂದು ಗಾಲಿಯೂ ನೆಲವನ್ನು ತಾನೇ ಹುಡುಕಿಕೊಳ್ಳುವುದರಿಂದ ಭಾರದ ವಾಹನವೂ ಒರಟು ನೆಲದಲ್ಲಿ ವೇಗವಾಗಿ ಹೋಗಬಲ್ಲುದು. ಹೇರೆತ್ತಿನ ನಾಲ್ಕು ಕಾಲುಗಳ ತತ್ತ್ವ ಇಲ್ಲಿ ಎಂಟು, ಹನ್ನೆರಡು ಗಾಲಿಗಳಲ್ಲಿ ಮರಳಿ ಬಂದಿತೆನ್ನಬಹುದು. ಸ್ವಾರಸ್ಯವೆಂದರೆ, ತಾತ್ರಾ 815ರ ಮುಂಗಾಲಿಗಳಿಗೆ ತಿರುಚು ಸರಳುಗಳಿದ್ದರೂ ಹೊರೆ ಬೀಳುವ ಹಿಂಗಾಲಿಗಳ ಮೇಲೆ ಪಟ್ಟಿಕಮಾನೇ ಇತ್ತು.

ಆದರೆ ಈ ಉತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಲಿ ಮೇಲೆ ಕೆಳಗೆ ಆಡುವಾಗ ಓರೆಯಾಗುತ್ತದೆ, ಟೈರು ಸಮನಾಗಿ ಸವೆಯುವುದಿಲ್ಲ. ಕೊಳವೆಯೊಳಗಿನ ಕೀಲುಗಳನ್ನು ರಸ್ತೆಯಂಚಿನ ಕಮ್ಮಾರನು ಮುಟ್ಟಲಾರನು. ಅದಕ್ಕೆ ಕಾರ್ಖಾನೆ, ಬಿಡಿಭಾಗ, ತರಬೇತಾದ ಕೈ, ಇವನ್ನೆಲ್ಲ ಪೋಷಿಸಬಲ್ಲ ಸರ್ಕಾರ ಬೆನ್ನಿಗಿರಬೇಕು. ಸೈನ್ಯಕ್ಕೆ ಅದು ಸಾಧ್ಯ. ಕಾಫಿ ತೋಟದ ಮಾಲೀಕನಿಗೆ ಅಸಾಧ್ಯ.

7. ಮತ್ತೆ ಎತ್ತಿನ ಗಾಡಿಗೆ

ಈ ಚರಿತ್ರೆಯ ಕೊನೆಯಲ್ಲಿ ಮೊದಲಿನ ಬಂಡಿಯನ್ನು ಮರೆಯುವಂತಿಲ್ಲ. ಹಿಂದಚ್ಚುಗಳ ಸುಧಾರಣೆ ಅಮೆರಿಕದಿಂದಲೂ ಜಪಾನಿನಿಂದಲೂ ಮಧ್ಯಯುರೋಪಿನಿಂದಲೂ ಬೆಂಗಳೂರಿಗೆ ಬರುತ್ತಿದ್ದಾಗ, ಹೆಬ್ಬಾಳದ ಸುತ್ತಿನ ಹೊಲಗಳಲ್ಲಿ ಇದ್ದುದು ಒಂದೇ ಅಚ್ಚಿನ, ಕಬ್ಬಿಣದ ಪಟ್ಟೆ ತೊಡಿಸಿದ ಮರದ ಗಾಲಿಯ ಗಾಡಿಯೇ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಈ ಗಾಡಿಯನ್ನು ವಿದ್ವತ್ತಿನ ವಿಷಯವನ್ನಾಗಿ ಮಾಡಿದರು. ದೇಶದಲ್ಲಿ ಒಂದೂವರೆ ಕೋಟಿಯಷ್ಟು ಗಾಡಿಗಳಿವೆಯೆಂದೂ, ಅವುಗಳ ರಚನೆಯ ದೋಷದಿಂದ ಎತ್ತಿನ ಶಕ್ತಿ ವ್ಯರ್ಥವಾಗುತ್ತಿದೆಯೆಂದೂ, ಕೊರಳು ಹುಣ್ಣಾಗುತ್ತಿದೆಯೆಂದೂ ಅವರು ವಾದಿಸಿದರು. ಗಾಳಿಯ ಟೈರು, ನುಣುಪಾದ ಬೇರಿಂಗು, ಸುಧಾರಿಸಿದ ನೊಗ ಇವು ಅವರ ಸಲಹೆಗಳು. ಗಾಳಿಯ ಟೈರೂ ಒಂದು ಬಗೆಯ ಕಮಾನೇ ಎಂಬುದನ್ನು ನೆನೆದರೆ, ಜಟಕಾದ ಕಾಲದಲ್ಲಿ ಎತ್ತಿಗೆ ನಿರಾಕರಿಸಲ್ಪಟ್ಟುದನ್ನು ಅದಕ್ಕೆ ದೊರಕಿಸುವ ಪ್ರಯತ್ನ ಇದಾಗಿತ್ತೆನ್ನಬಹುದು. ಟೈರಿನ ಗಾಡಿಗಳು ಹಲವೆಡೆ ಬಳಕೆಗೆ ಬಂದವು. ಆದರೆ ಟ್ರ್ಯಾಕ್ಟರು ಎಷ್ಟೋ ಕಡೆ ಗಾಡಿಯನ್ನೇ ಹೊರದೂಡಿತು.

8. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ವಿಷಯಗಳು ಸಿದ್ಧವಾಗುತ್ತವೆ. ಕಮಾನಿನ ಅಗತ್ಯವನ್ನು ಹುಟ್ಟಿಸಿದುದು ಒರಟು ದಾರಿಯಲ್ಲ, ವೇಗ. ಕಮಾನಿನ ಜಾತಿಯನ್ನು ನಿರ್ಣಯಿಸಿದುದು ಹಿಂದಚ್ಚಿನ ಮೇಲೆ ಹೆಚ್ಚು ಕಡಮೆಯಾಗುವ ಹೊರೆ. ನಿರ್ಣಯಿಸಿದ ಜಾತಿ ಬಾಳಿ ಉಳಿಯುವಂತೆ ಮಾಡಿದುದು ದುರಸ್ತಿಯ ಅನುಕೂಲ. ಆದಕಾರಣ, ಇಂದಿಗೂ ಕಾಡುಮೇಡಿನ ವಾಹನವೊಂದನ್ನು ಆರಿಸಿಕೊಳ್ಳುವವರು ಯಾವ ಕಮಾನು ಶ್ರೇಷ್ಠವೆಂದು ಕೇಳುವುದಕ್ಕಿಂತ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳುವುದು ಯುಕ್ತ: ಎಷ್ಟು ವೇಗವಾಗಿ ಹೋಗಬೇಕು? ಖಾಲಿಗೂ ತುಂಬಿದುದಕ್ಕೂ ಹೊರೆಯಲ್ಲಿ ಎಷ್ಟು ಅಂತರ? ಮುರಿದರೆ ಕಟ್ಟುವವರು ಯಾರು? ಮೂಟೆ ಹೊತ್ತು ದೂರದ ಊರಿಗೆ ಹೋಗುವವನಿಗೆ ಪಟ್ಟಿ. ಬಂಡೆಗಳನ್ನು ನಿಧಾನವಾಗಿ ಏರಿ ಇಳಿಯುವವನಿಗೆ ಗಟ್ಟಿ ಅಚ್ಚಿನ ಮೇಲಿನ ಸುರುಳಿ. ಭಾರ ಹೊತ್ತು ವೇಗವಾಗಿ ಹೋಗಬೇಕಾದ, ಬೆನ್ನಿಗೆ ಕಾರ್ಖಾನೆಯುಳ್ಳ ಸೈನ್ಯಕ್ಕೆ ಸ್ವತಂತ್ರ ಗಾಲಿ.

ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯೊಂದನ್ನು ಚರಿತ್ರೆಯು ಸೇರಿಸುತ್ತದೆ: ಏಟನ್ನು ಹೊರುವವರು ಯಾರು, ಅವರ ಮಾತನ್ನು ಯಾರಾದರೂ ಕೇಳಿದರೇ? ಬಾಡಿಗೆ ಕೊಟ್ಟವನ ಬೆನ್ನಿಗೆ ಕಮಾನು ಬೇಗ ಬಂದಿತು. ಮಾತಿಲ್ಲದ ಎತ್ತಿನ ಕೊರಳಿಗೆ ಅದು ತಡವಾಗಿ, ಅರ್ಧವಾಗಿ ಬಂದಿತು. ಲಾರಿಯ, ಜೀಪಿನ ಚಾಲಕರ ಬೆನ್ನುನೋವು ಇಂದಿಗೂ ಯಾವ ಲೆಕ್ಕಪುಸ್ತಕಕ್ಕೂ ಸೇರದೆ ಉಳಿದಿದೆ. ಅಚ್ಚಿನ ಚರಿತ್ರೆಯನ್ನು ಬರೆಯುವವರು ಅವರಿಂದಲೇ ಆರಂಭಿಸುವುದು ಉಚಿತವಾದೀತು.